ಸೇರು ಹೊತ್ತು ನೇಪಾಳಕ್ಕೆ

ಶಿಗ್ಗಾಂವಿ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನನ್ನ ಅಕ್ಕ ಗಂಗವ್ವ ಸೇರು ಒಯ್ದಳು. ನಮ್ಮ ಅಜ್ಜಿಯ ಕಾಲದ ಹಿತ್ತಾಳೆಯ ಸೇರು ಅದು. ಅಂಚು ಸವೆದಿದೆ, ಒಂದು ಮಗ್ಗುಲು ನೆಗ್ಗಿದೆ. ಚಿಕ್ಕೇರೂರಿನಿಂದ ಶಿಗ್ಗಾಂವಿಯವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

"ಇದ್ಯಾಕ ಅಕ್ಕ? ನೇಪಾಳದಾಗೂ ಕಿಲೋ ಅದಾವ" ಎಂದೆ.

"ಕಿಲೋ ಇದ್ರ ಇರ್ಲಿ. ಕಿಲೋ ಒದ್ದು ಒಳಗ ಹೋಗಾಕ ಬರ್ತೈತೇನು?"

ಹಾನಗಲ್ಲಿನ ಶಾಲೆಯಲ್ಲಿ ವರ್ಷಗಟ್ಟಲೆ ಕಿಲೋ, ಲೀಟರು, ಮೀಟರು ಕಲಿಸಿದವಳು ನಾನು. ಸೇರು, ಪಾವು, ಹರದಾರಿಗಳೆಲ್ಲ ಹಳೆಯ ಕಾಲದವು ಎಂದು ಕರಿಹಲಗೆಯ ಮುಂದೆ ನಿಂತು ಸಾರಿದವಳು. ಸಂಜೆ ಮನೆಗೆ ಬಂದು ಅನ್ನಕ್ಕಿಡುವಾಗ ಮಾತ್ರ ಅಕ್ಕಿ ಡಬ್ಬಿಯೊಳಗಿನ ಪಾವಿಗೇ ಕೈ ಹಾಕುತ್ತೇನೆ. ನಮ್ಮ ಸಂತೆಯಲ್ಲಿ ಈರುಳ್ಳಿ ಕಿಲೋ ಲೆಕ್ಕ, ಹೂವು ಮೊಳದ ಲೆಕ್ಕ, ಸವಣೂರಿನ ವೀಳ್ಯದೆಲೆ ಎಣಿಕೆಯ ಲೆಕ್ಕ, ಬಂಗಾರ ತೊಲಿಯ ಲೆಕ್ಕ. ಒಂದೇ ಚೀಲ ಹಿಡಿದು ಸಂತೆ ಸುತ್ತಿ ಬರುವಷ್ಟರಲ್ಲಿ ನಾಲ್ಕು ಕಾಲ ಸುತ್ತಿ ಬಂದಿರುತ್ತೇವೆ.

ಅಕ್ಕನ ಮಾತಿಗೆ ಕಾರಣವಿತ್ತು. ನಮ್ಮಲ್ಲಿ ಹೊಸ ಸೊಸೆ ಮನೆ ತುಂಬುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತಾರೆ. ಅವಳು ಬಲಗಾಲಿನಿಂದ ಅದನ್ನು ಮೆಲ್ಲಗೆ ಒದ್ದು, ಕಾಳು ಒಳಗೆ ಚೆಲ್ಲುವಂತೆ ಮಾಡಿ ಬರುತ್ತಾಳೆ. ಅವಳ ಹಿಂದೆಯೇ ಲಕ್ಷ್ಮಿ ಬರುತ್ತಾಳೆಂಬ ನಂಬಿಕೆ. ಅಕ್ಕನ ಮಗಳು ರೇಣುಕಾಳದು ಅದೊಂದು ಬಾಕಿ ಉಳಿದಿತ್ತು. ಮದುವೆ ಶಿಗ್ಗಾಂವಿಯಲ್ಲೇ ಆಗಿತ್ತು, ಆದರೆ ಅಳಿಯನ ಮನೆ ನೇಪಾಳದ ಗುಡ್ಡದ ಮೇಲಿತ್ತು.

ಅಳಿಯ ಖೀಮ್ ಬಹಾದ್ದೂರ್. ಶಿಗ್ಗಾಂವಿ ಬಸ್ ನಿಲ್ದಾಣದ ಹತ್ತಿರ ಗೋಬಿ ಗಾಡಿ ಇಟ್ಟುಕೊಂಡಿರುವ ಅವನನ್ನು ಊರೆಲ್ಲ ಖೀಮಣ್ಣ ಎನ್ನುತ್ತದೆ. ಹೆದ್ದಾರಿಯ ಹೋಟೆಲಿಗೆ ದುಡಿಯಲು ಬಂದವನು ನಮ್ಮ ಮಾತು ಕಲಿತು, ನಮಗಿಂತ ಚೆನ್ನಾಗಿ ಚೌಕಾಶಿ ಮಾಡುತ್ತಾನೆ. ಕಾಲೇಜಿಗೆ ಹೋಗುತ್ತಿದ್ದ ರೇಣು ಅವನ ಗೋಬಿಯನ್ನು ಮೆಚ್ಚಿದಳೋ, ಅವನನ್ನೇ ಮೆಚ್ಚಿದಳೋ, ನಾನು ಕೇಳಲಿಲ್ಲ. ಅವನ ತಾಯಿಗೆ ಮೊಣಕಾಲು ನೋವು, ಮದುವೆಗೆ ಬರಲಿಲ್ಲ. ಫೋನಿನಲ್ಲಿ ಮಗನಿಗೆ ಹೇಳಿದ್ದು ಒಂದೇ ಮಾತು: ಕರೆದುಕೊಂಡು ಬಾ, ನೋಡೋಣ.

ಆ 'ನೋಡೋಣ' ಅಕ್ಕನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

"ನಿಮ್ಮ ಕಡೆ ಸೊಸಿಗೆ ಏನಂತಾರಪಾ?" ಎಂದು ಅಳಿಯನನ್ನು ಕೇಳಿದ್ದಳು.

"ಬುಹಾರಿ ಅಂತಾರ್ರಿ ಅತ್ತಿ."

"ನಿಮ್ಮವ್ವ ನಮ್ಮ ರೇಣೂಗ ಹಂಗ ಅಂದಾಳೇನು?"

"ಇನ್ನೂ ಇಲ್ರಿ. ಹೆಸರು ಹಿಡದು ಕೇಳ್ತಾಳ್ರಿ, ರೇಣುಕಾ ಹೆಂಗದಾಳ ಅಂತ."

ಭಾವನಿಗೆ ಗೋವಿನಜೋಳದ ರಾಶಿಯಿತ್ತು. ನೀವು ಹೋಗಿ ಬರ್ರಿ ಎಂದ. ಹಿಂದಿ ಬರುತ್ತದೆಂದು ಅಕ್ಕ ನನ್ನನ್ನು ಎಳೆದುಕೊಂಡಳು. ಆ ಒಂದು ಶಬ್ದವನ್ನು ಬೀಗತಿಯ ಬಾಯಿಂದ ಕಿವಿಯಾರೆ ಕೇಳಿ ಬರುವುದು, ಅವಳ ಪಾಲಿಗೆ ನೇಪಾಳ ಪ್ರವಾಸವೆಂದರೆ ಇಷ್ಟೇ.

ರೈಲಿನಲ್ಲಿ

ರೈಲಿನಲ್ಲಿ ಅಳಿಯ ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಕೆಳಗೆ ತಾಲೀಮು ನಡೆಯಿತು. ಅಕ್ಕ ಸೇರಿಗೆ ಚುರಮುರಿ ತುಂಬಿ ಎರಡು ಸೀಟುಗಳ ನಡುವೆ ಇಟ್ಟಳು. ಎದುರಿಗಿದ್ದವರು ಕಾಲು ಮೇಲೆ ಎತ್ತಿಕೊಂಡರು.

"ಬಲಗಾಲಲೆ. ಮೆಲ್ಲಕ. ಚೆಂಡ ಒದ್ದಂಗ ಒದೀಬ್ಯಾಡ, ಬೆರಳಿಲೆ ತಾಕಿಸು."

"ಅವ್ವ, ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡ. ಅವರ ಮನಿಯಾಗ ಸೊಸಿ ಬರೂದಿಲ್ಲೇನು?"

ಚುರಮುರಿ ಬೋಗಿಯ ತುಂಬ ಹಾರಿತು. ಬಂದವರೆಲ್ಲ ಅದನ್ನು ತುಳಿಯುತ್ತ ನಮ್ಮನ್ನು ಬೈದುಕೊಂಡು ಹೋದರು. ಲೋಕದಲ್ಲಿ ಎಲ್ಲ ಕಡೆಯೂ ಸೊಸೆಯರು ಸೇರು ಒದ್ದೇ ಮನೆ ತುಂಬುತ್ತಾರೆಂದು ನಾವು ಮೂವರೂ ನಂಬಿದ್ದೆವು. ಮೇಲೆ ಮಲಗಿದ್ದವನನ್ನು ಎಬ್ಬಿಸಿ ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬುಟವಲ್

ಸುನೌಲಿಯಲ್ಲಿ ಗಡಿ ದಾಟುವುದೆಂದರೆ ಒಂದು ದೊಡ್ಡ ಕಮಾನಿನ ಕೆಳಗೆ ನಡೆದು ಹೋಗುವುದು. ಇಷ್ಟೇನಾ ಪರದೇಶ, ಎಂದು ಅಕ್ಕ ಹಿಂದೆ ತಿರುಗಿ ನೋಡಿದಳು. ಆಮೇಲೆ ಅಳಿಯ ಗಡಿಯಾರ ಮುಂದೆ ಮಾಡಿಕೊಳ್ಳಿರಿ ಎಂದ. ನೇಪಾಳದ ಹೊತ್ತು ನಮ್ಮದಕ್ಕಿಂತ ಕಾಲು ತಾಸು ಮುಂದೆ. ಅರ್ಧವೂ ಅಲ್ಲ, ಪೂರ್ತಿಯೂ ಅಲ್ಲ, ಕಾಲು! ನನಗಂತೂ ಅದು ತುಂಬ ಹಿಡಿಸಿತು.

ಬುಟವಲ್ಲಿನಲ್ಲಿ ಬೀಗತಿಗೆಂದು ಜಿಲೇಬಿ ಕೊಳ್ಳಲು ಹೋದೆ. ನಾಲ್ವರಿಗೆ ರುಚಿ ನೋಡಲು ಮೊದಲು ಒಂದು ಪಾವು ಕೊಡಪ್ಪ ಎಂದೆ. ಅಂಗಡಿಯವನು ತೂಗಿದ. ತಕ್ಕಡಿಯ ಅಂಕಿ ಇನ್ನೂರಕ್ಕೆ ನಿಂತಿತು. ಸಾಕು ಎಂದು ಕಟ್ಟತೊಡಗಿದ. ಬಿಟ್ಟೇನೆಯೇ? ಪಾವು ಎಂದರೆ ಕಾಲು, ಕಾಲು ಕಿಲೋ ಎಂದರೆ ಇನ್ನೂರೈವತ್ತು, ಇದು ಎರಡನೇ ಇಯತ್ತೆಯ ಲೆಕ್ಕ ಎಂದು ನನ್ನ ಹಿಂದಿಯಲ್ಲಿ ಪಾಠ ಶುರು ಮಾಡಿದೆ. ಅವನು ಶಾಂತವಾಗಿ, ಪಾವು ಎಂದರೆ ಇನ್ನೂರು ಎಂದ. ನಾನು ಇನ್ನೂರೈವತ್ತು ಎಂದೆ. ಹಿಂದೆ ನಿಂತಿದ್ದ ಗಿರಾಕಿಗಳೂ ಇನ್ನೂರು ಎಂದರು.

ಖೀಮಣ್ಣ ಓಡಿ ಬಂದ. "ಅಕ್ಕೋರ, ಬಿಡ್ರಿ. ಇಲ್ಲಿ ಪಾವು ಅಂದ್ರ ಇನ್ನೂರ ರೀ. ಇವರದು ಬ್ಯಾರೆ ಹಳೇ ತೂಕದ ಲೆಕ್ಕ. ನಾನೂ ಶಿಗ್ಗಾಂವಿಗೆ ಬಂದ ಹೊಸದಾಗಿ, ಪಾವು ಸಕ್ಕರಿಗೆ ಭಾಳ ಹಾಕಿಕೊಟ್ಟಾರ, ಪಾಪ ಮರತಾರ ಅಂತ ತಿಳದು ಸುಮ್ಮನ ಮನಿಗೆ ಬಂದಿದ್ದೆ."

ಅಕ್ಕ ಹಿಂದಿನಿಂದ ತೀರ್ಪು ಕೊಟ್ಟಳು. "ಹೊತ್ತಿನಾಗ ಕಾಲು ತಾಸು ಜಾಸ್ತಿ ಕೊಟ್ರಲ್ಲ, ಅದನ್ನ ಜಿಲೇಬಿಯಾಗ ಮುರಕೊಂಡ್ರು."

ಅಳಿಯ ನಗುತ್ತ ಅದನ್ನು ಅಂಗಡಿಯವನಿಗೆ ನೇಪಾಳಿಯಲ್ಲಿ ಹೇಳಿದ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡು ಜಿಲೇಬಿ ಮೇಲೆ ಹಾಕಿದ. ನಮ್ಮ ಸಂತೆಯಲ್ಲಿ ತೂಕ ಮುಗಿದ ಮೇಲೆ ಹಾಕುವ ಕೊಸರು ಇದೇ ತಾನೇ? ತೂಕ ಯಾವುದಾದರೂ ಇರಲಿ, ಕೊಸರು ಹಾಕುವ ಕೈ ಎಲ್ಲ ಕಡೆಯೂ ಒಂದೇ ಎಂದು ನನ್ನ ಸಿಟ್ಟು ಇಳಿಯಿತು. ಜಿಲೇಬಿಯೂ ಚೆನ್ನಾಗಿತ್ತು.

ತಾನ್ಸೆನ್ ಹಾದಿ

ಬುಟವಲ್ ಬಿಟ್ಟ ಮೇಲೆ ರಸ್ತೆ ಗುಡ್ಡ ಹತ್ತತೊಡಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೋಡಬಾರದ ಆಳ. ನಮ್ಮದು ಬಯಲು ಸೀಮೆಯ ಕಣ್ಣು. ಹಿರೇಕೆರೂರಿನಿಂದ ಮಾಸೂರಿಗೆ ಹೋಗುವಾಗ ಮದಗದ ಕೆರೆಯ ಹತ್ತಿರ ಬರುವ ಗುಡ್ಡಗಳನ್ನೇ ದೊಡ್ಡವೆಂದು ತಿಳಿದವರು. ಅಕ್ಕ ಸೇರು ಇದ್ದ ಚೀಲವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

ತಾನ್ಸೆನ್ನಿನಲ್ಲಿ ಜೀಪಿಗೆ ಕಾಯುವಾಗ, ಊರು ಇನ್ನೆಷ್ಟು ದೂರ ಎಂದು ನಾನು ಕೇಳಿದವರೆಲ್ಲ ತಾಸಿನಲ್ಲೇ ಉತ್ತರ ಕೊಟ್ಟರು. ಹತ್ತುವಾಗ ಇಷ್ಟು, ಇಳಿಯುವಾಗ ಇಷ್ಟು ಎಂದು ಎರಡು ಉತ್ತರ ಬೇರೆ. ಎಷ್ಟು ಕಿಲೋಮೀಟರ್ ಎಂದರೆ ಮುಖ ಮುಖ ನೋಡಿದರು. ನಾನು ನಗುವಂತಿರಲಿಲ್ಲ. ನಮ್ಮ ಕಡೆ ಹೊಲದ ದಾರಿ ಕೇಳಿದವರಿಗೆ 'ಒಂದು ಎಲಿ ಅಡಕಿ ಹಾಕ್ಕೊಳ್ಳೂದ್ರಾಗ ಬರ್ತೈತ್ರಿ' ಎನ್ನುತ್ತಾರಲ್ಲ, ಅದನ್ನು ಯಾವ ಕಲ್ಲಿನ ಮೇಲೆ ಬರೆದು ನೆಡುತ್ತೀರಿ?

ಜೀಪಿನಲ್ಲಿ ಅಕ್ಕ ಕೊನೆಗೂ ಬಾಯಿ ಬಿಟ್ಟಳು. "ಹೊಲ ಎಷ್ಟೈತಪಾ ನಿಮ್ಮದು?"

"ನಾಕು ರೋಪನಿ ಐತ್ರಿ ಅತ್ತಿ."

ಅಕ್ಕನ ಮುಖ ಅರಳಿತು. ರೋಪನಿ ಎಂದರೆ ಎಕರೆಗಿಂತ ದೊಡ್ಡದೇ ಇರಬೇಕು ಎಂದು ಅವಳ ಕಣ್ಣು ಹೇಳುತ್ತಿತ್ತು. ನಾನು ಸುಮ್ಮನಿರಬಹುದಾಗಿತ್ತು. ಮಾಸ್ತರಿಕೆ ಬಿಡಬೇಕಲ್ಲ. ಫೋನಿನಲ್ಲಿ ಹುಡುಕಿ, "ಎಂಟು ರೋಪನಿ ಸೇರಿದ್ರ ಒಂದ ಎಕರೆ ಅಕ್ಕ" ಎಂದುಬಿಟ್ಟೆ. ಅಂದರೆ ಇಪ್ಪತ್ತು ಗುಂಟೆ. ಅಳಿಯ ಕಿಟಕಿಯ ಆಚೆ ನೋಡತೊಡಗಿದ. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಅಕ್ಕ ಗುಡ್ಡದ ಮೈಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗದ್ದೆಗಳನ್ನು ನೋಡಿದಳು. ಕೆಲವು ನಮ್ಮ ಮನೆಯ ಅಂಗಳದಷ್ಟೂ ಇರಲಿಲ್ಲ. ಅಲ್ಲೂ ಭತ್ತ ಕೊಯ್ದ ಕೂಳೆ ಸಾಲು ತಪ್ಪದೆ ನಿಂತಿತ್ತು.

"ಗುಡ್ಡ ಕಡದು ಇಪ್ಪತ್ತು ಗುಂಟೆ ಮಾಡಿದವರು ನಮ್ಮ ಬಯಲಾಗ ಇದ್ದಿದ್ರ ಇಪ್ಪತ್ತು ಎಕರೆ ಮಾಡತಿದ್ರು" ಎಂದಳು. ಅಳಿಯ ಈ ಕಡೆ ತಿರುಗಿ ಕುಳಿತ.

ಹೊಸ್ತಿಲು

ಕೆಮ್ಮಣ್ಣು ಸಾರಿಸಿದ ಎರಡಂತಸ್ತಿನ ಮನೆ, ಕಲ್ಲು ಹಾಸಿದ ಅಂಗಳ, ಬಾಗಿಲಿಗೆ ಚೆಂಡುಹೂವಿನ ಮಾಲೆ. ಒಬ್ಬ ಮುದುಕ ಮದ್ದಳೆ ಬಾರಿಸುತ್ತಿದ್ದ. ಬಾಗಿಲಲ್ಲಿ ದೀಪ ಹಿಡಿದು ನಿಂತ ಸಣ್ಣ ಮೈಯ ಹೆಂಗಸೇ ಖೀಮಣ್ಣನ ತಾಯಿ. ಎಲ್ಲರೂ ಅವಳನ್ನು ಆಮಾ ಎಂದು ಕರೆಯುತ್ತಿದ್ದರು. ಅವಳ ಮುಂದೆ, ಸರಿಯಾಗಿ ಹೊಸ್ತಿಲ ಮೇಲೆ, ಭತ್ತದಿಂದ ಗೋಪುರ ಕಟ್ಟಿದ ದೊಡ್ಡ ಹಿತ್ತಾಳೆಯ ಅಳತೆ.

ಅಕ್ಕ ನನ್ನ ಕೈ ಚಿವುಟಿದಳು. "ನೋಡಲ್ಲಿ! ಇಲ್ಲೂ ಇಟ್ಟಾರ. ನಾನು ಸುಮ್ಮನ ಹೊತ್ತು ತಂದೆ. ಎಲ್ಲಾ ಕಡೆ ಒಂದ ಪದ್ಧತಿ."

ಸೇರು ಚೀಲದಲ್ಲೇ ಉಳಿಯಿತು. ಸೆರಗಿಗೆ ಶಲ್ಯ ಗಂಟು ಹಾಕಿಕೊಂಡು ಗಂಡ ಹೆಂಡತಿ ಮುಂದೆ ನಡೆದರು. ರೇಣು ತಾಯಿಯ ಕಡೆ ನೋಡಿದಳು. ಅಕ್ಕ ಹುಬ್ಬಿನಿಂದಲೇ ಹೂಂ ಎಂದಳು. ರೇಣು ಬಲಗಾಲಿನ ಬೆರಳು ತಾಕಿಸಿದಳು. ಅಳತೆ ಅಲುಗಲಿಲ್ಲ. ನಮ್ಮ ಸೇರಿನ ಹಲವು ಪಟ್ಟು ಭಾರ ಅದು. ಪಾಪ, ಹುಡುಗಿ ಗಾಬರಿಯಾಗಿ, ಇದ್ದ ಬಲವನ್ನೆಲ್ಲ ಹಾಕಿ ಒದ್ದಳು.

ಠಣ್ಣೆಂದು ಅದು ಉರುಳಿತು. ಭತ್ತ ಅರ್ಧ ಒಳಗೆ, ಅರ್ಧ ಅಂಗಳಕ್ಕೆ. ಕೋಳಿಗಳು ಓಡಿ ಬಂದವು. ಮದ್ದಳೆ ನಿಂತಿತು. ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಆಮಾ ದೀಪವನ್ನು ಗೋಡೆಯ ಗೂಡಿನಲ್ಲಿಟ್ಟು ಒಳಗೆ ಹೋದಳು.

ಖೀಮಣ್ಣನ ಮುಖದಲ್ಲಿ ರಕ್ತವಿರಲಿಲ್ಲ. "ಏನ್ ಮಾಡಿಸಿದ್ರಿ ಅತ್ತಿ ಇದು! ಅದು ಪಾಥಿ ರೀ. ನಮಗ ಲಕ್ಷ್ಮಿ. ಗೊತ್ತಿಲ್ದ ಕಾಲು ತಾಕಿದ್ರೂ ಕೈ ಮುಗೀತೇವಿ."

"ನಮಗೂ ಲಕ್ಷ್ಮಿನ ಅಪ್ಪಾ! ಅದಕ್ಕ ಒದ್ದು ಒಳಗ ಕರಕೊಂಡು ಬರೂದು!"

"ಇಲ್ಲಿ ಸೊಸಿ ಬಂದು ಪಾಥಿ ತುಂಬ್ತಾಳ್ರಿ. ಚೆಲ್ಲೂದಿಲ್ಲ."

ಮದ್ದಳೆಯ ಮುದುಕ ಏನೋ ಅಂದ. ಅವನು ಖೀಮಣ್ಣನ ದೊಡ್ಡಪ್ಪ. ಅಳಿಯ ಅದನ್ನು ನಮಗೆ ತಿಳಿಸಲಿಲ್ಲ. ನನಗೆ ಅರ್ಥವಾದಷ್ಟು ಹೇಳುತ್ತೇನೆ: ಬಂದ ಗಳಿಗೆಯಲ್ಲೇ ಅನ್ನ ಒದ್ದವಳು, ಇವತ್ತು ಇವರೆಲ್ಲ ತಾನ್ಸೆನ್ನಿಗೆ ಹೋಗಿ ಉಳಿಯಲಿ. ರೇಣು ಹೊಸ್ತಿಲ ಹೊರಗೇ ಕುಸಿದು ಕುಳಿತು ಅಳತೊಡಗಿದಳು. ಚಿಗವ್ವ, ಹೋಗೂಣ ನಡಿ ಎಂದು ನನ್ನ ಕೈ ಹಿಡಿದಳು.

ಅದೇ ಅಂಗಳ

ಅಕ್ಕ ಅಳಲಿಲ್ಲ. ಕೋಳಿಗಳನ್ನು ಹುಶ್ ಎಂದು ಓಡಿಸಿದಳು. ಉರುಳಿ ಬಿದ್ದ ಪಾಥಿಯನ್ನು ಎತ್ತಿ, ಸೆರಗಿನಿಂದ ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡು ನೆಟ್ಟಗೆ ಇಟ್ಟಳು. ಆಮೇಲೆ ಚೀಲದಿಂದ ತನ್ನ ಸೇರು ತೆಗೆದು, ನೆಲದ ಮೇಲೆ ಕುಳಿತು, ಭತ್ತ ಬಳಿಯತೊಡಗಿದಳು. ನಾನೂ ಕುಳಿತೆ. ನೆರೆಮನೆಯ ಹೆಂಗಸೊಬ್ಬಳು ಮೊರ ತಂದು ನಮ್ಮ ಪಕ್ಕದಲ್ಲಿಟ್ಟು ಹಿಂದೆ ಸರಿದಳು. ಅಕ್ಕ ಕೇರಿ, ಮಣ್ಣು ಹಾರಿಸಿ, ಸೇರು ತುಂಬಿ ಪಾಥಿಗೆ ಸುರಿದಳು.

"ಲಾಭ" ಎಂದಳು. ಇನ್ನೊಂದು ತುಂಬಿದಳು. "ಎರಡು."

ಕಣದಲ್ಲಿ ರಾಶಿ ಅಳೆಯುವಾಗ ನಮ್ಮ ಹಿರಿಯರು ಒಂದು ಎನ್ನುವುದಿಲ್ಲ. ಮೊದಲನೆಯದು ಯಾವಾಗಲೂ ಲಾಭ. ಅಕ್ಕನಿಗೆ ಅದು ಉಸಿರಾಡಿದಷ್ಟೇ ಸಹಜ. ಆದರೆ ಆ ಶಬ್ದ ನೇಪಾಳಿಯಲ್ಲೂ ಇದೆ. ಒಳಗಿನ ಕತ್ತಲಿನಿಂದ ಆಮಾ ಬಾಗಿಲಿಗೆ ಬಂದು ನಿಂತಿದ್ದು ನನಗೆ ಕಂಡಿತು. ಮಗನನ್ನು ಏನೋ ಕೇಳಿದಳು.

"ಅತ್ತಿ, ಮೊದಲನೇದಕ್ಕ ಲಾಭ ಅಂತ ಯಾಕಂದ್ರಿ ಅಂತ ಕೇಳಾಕತ್ತಾಳ."

ಅಕ್ಕ ತಲೆ ಎತ್ತಲಿಲ್ಲ. "ಒಂದು ಅಂದ್ರ ಒಂಟಿ ಆಗತೈತಿ. ಕಾಳು ಒಂಟಿಲೆ ಮನಿಗೆ ಬರಬಾರದು. ಅದಕ್ಕ ಲಾಭ ಅಂತ ಕರೀತೇವಿ ಅಂತ ಹೇಳು. ಮತ್ತ ಇದನ್ನೂ ಹೇಳು. ನಮ್ಮ ಹುಡುಗಿ ಒದ್ದದ್ದು ಸೊಕ್ಕಿಲೆ ಅಲ್ಲ. ನಿಮ್ಮ ಮನಿ ತುಂಬ ಕಾಳು ಹರದಾಡ್ಲಿ ಅಂತ ನಾನ ಕಲಿಸೇನಿ. ತಪ್ಪಾಗಿದ್ರ ನನ್ನದು."

ಅವನು ಹೇಳಿದ. ಆಮಾ ಕೇಳಿಸಿಕೊಂಡಳು. ಅಕ್ಕ ಅಳೆಯುತ್ತಲೇ ಇದ್ದಳು. ಅವರ ಪಾಥಿಗೆ ನಮ್ಮ ಸೇರು ಎಷ್ಟು ಹಿಡಿಯುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಳಿದ ಭತ್ತವೆಲ್ಲ ಮುಗಿದರೂ ಅಂಚಿಗೆ ನಾಲ್ಕು ಬೆರಳು ಬಾಕಿ ಉಳಿಯಿತು. ಸ್ವಲ್ಪ ಕಲ್ಲಿನ ಸಂದಿಗೆ, ಸ್ವಲ್ಪ ಕೋಳಿಯ ಹೊಟ್ಟೆಗೆ ಹೋಗಿತ್ತು.

"ರೇಣು, ಉಡಿ ಬಿಚ್ಚ" ಎಂದಳು ಅಕ್ಕ.

ಚಿಕ್ಕೇರೂರು ಬಿಡುವಾಗ ಮಗಳ ಸೆರಗಿಗೆ ತಾನೇ ಉಡಿ ತುಂಬಿದ್ದ ಅಕ್ಕಿ ಅದು. ತವರಿನ ಅಕ್ಕಿ. ರೇಣು ಗಂಟು ಬಿಚ್ಚಿ ಪಾಥಿಗೆ ಸುರಿದಳು. ಕೆಂಪು ಭತ್ತದ ಮೇಲೆ ಬಿಳಿ ಅಕ್ಕಿ ಗೋಪುರ ಕಟ್ಟಿತು.

ಆಮಾ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದಳು. ಪಾಥಿಯನ್ನು ಎತ್ತಿ, ಅಷ್ಟನ್ನೂ ಮೊರಕ್ಕೆ ಸುರುವಿಬಿಟ್ಟಳು. ಮಗನಿಗೆ ಏನೋ ಹೇಳಿದಳು. ಖೀಮಣ್ಣನ ಮುಖಕ್ಕೆ ಕಳೆ ಬಂತು.

"ನೀವು ತುಂಬಿದ್ರ ಹೆಂಗ್ರಿ, ತುಂಬಬೇಕಾದಾಕಿ ಆಕಿ ಅಂತಾಳ್ರಿ."

ಒಳಗಿನಿಂದ ಒಂದು ಸಣ್ಣ ಹಿತ್ತಾಳೆಯ ಅಳತೆ ಬಂತು, ಅದು ಮಾನಾ. ಎಂಟು ಮಾನಾಕ್ಕೆ ಒಂದು ಪಾಥಿ. ಆಮಾ ಅದನ್ನು ರೇಣುವಿನ ಕೈಗೆ ಕೊಟ್ಟಳು. ಭತ್ತ, ಅಕ್ಕಿ ಎರಡೂ ಬೆರೆತದ್ದನ್ನು ಹುಡುಗಿ ಅಳೆದು ತುಂಬಿದಳು. ಮೂಗು ಒರೆಸಿಕೊಳ್ಳುತ್ತಲೇ, ತಾಯಿಯಂತೆ, ಲಾಭ ಎಂದೇ ಶುರು ಮಾಡಿದಳು. ತುಂಬಿ ಗೋಪುರವಾದ ಮೇಲೆ ಆಮಾ ಅವಳ ಹಣೆಗೆ ಟೀಕಾ ಇಟ್ಟಳು. ಒಳಗೆ ಮಂಚದ ಕೆಳಗೆ ಸಿಡಿದು ಬಿದ್ದಿದ್ದ ಕಾಳು ತೋರಿಸಿ, ಮನೆ ತುಂಬ ಹರಿದಾಡಿದ್ದಂತೂ ನಿಜ ಎಂದಳಂತೆ. ಹೆಂಗಸರೆಲ್ಲ ಗೊಳ್ಳೆಂದರು. ದೊಡ್ಡಪ್ಪ ಮತ್ತೆ ಮದ್ದಳೆ ಎತ್ತಿಕೊಂಡ.

ಒಳಗೆ ಹೋಗುವಾಗ ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು. "ಏನಂತ ಕರದ್ಲು ರೇಣೂಗ?"

"ನಾನಿ ಅಂದ್ಲು."

ಅಳಿಯನನ್ನು ಕೇಳಿದೆವು. ಯಾವ ಹುಡುಗಿಗಾದರೂ ಪ್ರೀತಿಯಿಂದ ಹಾಗೆ ಅನ್ನುತ್ತಾರಂತೆ, ನಮ್ಮ 'ತಂಗಿ' ಇದ್ದಂತೆ. ಅಕ್ಕ ಮುಂದೆ ಕೇಳಲಿಲ್ಲ. ಆದರೆ ಅವಳು ಎಣಿಸುತ್ತಿದ್ದ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲವೆಂದು ನನಗೆ ಗೊತ್ತಿತ್ತು.

ಉಳಿದ ದಿನಗಳು

ಆ ಊರಿನ ಅಂಗಡಿಯಲ್ಲಿ ಕೆಂಪು ಅಂಕಿ ಮಿನುಗುವ ತಕ್ಕಡಿ ಇದೆ. ಸಕ್ಕರೆ, ಬೇಳೆ ಎಲ್ಲ ಕಿಲೋ. ಮನೆಯಿಂದ ಮನೆಗೆ ಹೋಗುವುದೆಲ್ಲ ಮಾತ್ರ ಮಾನಾ. ನೆರೆಯವಳು ಒಂದು ಮಾನಾ ಹಾಲು ಒಯ್ದರೆ ಮಾನಾದಲ್ಲೇ ತಂದು ಹಾಕುತ್ತಾಳೆ, ತುಳುಕುವಂತೆ. ಹಾನಗಲ್ಲಿನಲ್ಲಿ ನಮ್ಮ ಓಣಿಯವರು ಬಟ್ಟಲು ಹಿಡಿದು ಸಕ್ಕರೆ ಕೇಳಲು ಬರುತ್ತಾರಲ್ಲ, ಹಾಗೆಯೇ. ಬಟ್ಟಲು ಹಿಡಿದು ಬಂದವರ ಮುಂದೆ ತಕ್ಕಡಿ ತೆಗೆದರೆ ಮತ್ತೆ ಅವರು ನಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಮಕ್ಕಳಿಗೆ ಇದನ್ನು ನಾನು ಕಲಿಸಿರಲಿಲ್ಲ.

ಅಕ್ಕನಿಗೂ ಆಮಾಗೂ ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಬಿಸಿಲಿಗೆ ಕುಳಿತು ಮೊಣಕಾಲು ಒತ್ತಿಕೊಳ್ಳುತ್ತ ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು. ನಾನು ನಡುವೆ ಹೋಗಿ ಹಿಂದಿಯಲ್ಲಿ ಬಿಡಿಸಿ ಹೇಳಲು ನೋಡಿದರೆ ಇಬ್ಬರಿಗೂ ಸಿಟ್ಟು. ಅಕ್ಕ ಸೇರನ್ನು ಆ ಮನೆಗೇ ಬಿಟ್ಟಳು. ಆಮಾ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಪಾಥಿಯ ಪಕ್ಕದಲ್ಲಿ ಇಟ್ಟಳು. ಒಳಗೆ ನಾಲ್ಕು ಕಾಳು ಹಾಕಿದ್ದಳು. ಬರಿದಾಗಿ ಇಡಬಾರದೆಂದು ಅವಳಿಗೂ ಗೊತ್ತಿತ್ತು.

ನಾನಿ, ಬಾ. ನಾನಿ, ಉಣ್ಣು. ನಾನಿ, ಚಳಿ ಇದೆ, ಹೊದ್ದುಕೋ. ದಿನವೆಲ್ಲ ಇದೇ.

ಹೊರಟ ಬೆಳಿಗ್ಗೆ

ರೇಣು, ಖೀಮಣ್ಣ ಇನ್ನೂ ಸ್ವಲ್ಪ ದಿನ ಇದ್ದು ಬರುವವರಿದ್ದರು. ನಮ್ಮ ಜೀಪು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಆಮಾ ಅಕ್ಕನನ್ನು ಹೊಸ್ತಿಲ ಬಳಿ ನಿಲ್ಲಿಸಿ, ಸೆರಗು ಒಡ್ಡು ಎಂದು ಸನ್ನೆ ಮಾಡಿದಳು. ಬುಟ್ಟಿಯಲ್ಲಿ ಹೊಸ ಅಕ್ಕಿ ಇತ್ತು. ಮಾನಾ ತುಂಬಿ ಸೆರಗಿಗೆ ಸುರಿದಳು.

"ಲಾಭ" ಎಂದಳು ಆಮಾ.

ಅಕ್ಕ ನನ್ನ ಕಡೆ ನೋಡಿದಳು. ಅವಳ ತುಟಿಯೂ ಜೊತೆಗೆ ಎಣಿಸತೊಡಗಿತು. ಆಮಾ ದುಇ ಎಂದರೆ ಅಕ್ಕ ಎರಡು ಎನ್ನುವಳು. ಹೀಗೇ ಇನ್ನೂ ಕೆಲವು ಸುರಿದ ಮೇಲೆ ಆಮಾ ಕೈಯಲ್ಲಿದ್ದ ಮಾನಾವನ್ನು ಒಮ್ಮೆ ನೋಡಿದಳು, ಅಕ್ಕನ ಸೆರಗನ್ನು ನೋಡಿದಳು. ಇಷ್ಟು ಸಣ್ಣದರಲ್ಲಿ ಅಳೆಯುವುದು ಅವಳಿಗೇ ಸರಿ ಕಾಣಲಿಲ್ಲವೇನೋ. ಅದನ್ನು ಕೆಳಗಿಟ್ಟು, ತಲೆಯನ್ನೂ ತಿರುಗಿಸದೆ ಒಳಗಿನ ಕಡೆ ಕೂಗಿದಳು.

"ಬುಹಾರೀ! ಓ ಬುಹಾರೀ! ತ್ಯೊ ಸೇರ್ ಲ್ಯಾಊ ತ!"

ವರ್ಷಗಳಿಂದ ಕೂಗುತ್ತ ಬಂದವಳ ದನಿ ಅದು. ತಡ ಮಾಡುತ್ತಾಳೆಂಬ ಸಣ್ಣ ಸಿಟ್ಟೂ ಅದರಲ್ಲಿತ್ತು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ರೇಣು "ಆಯೆಂ ಆಮಾ" ಎನ್ನುತ್ತ ನಮ್ಮ ಸೇರು ಹಿಡಿದು ಓಡಿ ಬಂದು, ಕೊಟ್ಟು, ಒಲೆಯ ಮೇಲೇನೋ ಹತ್ತುತ್ತಿದೆಯೆಂದು ಹಾಗೆಯೇ ಓಡಿದಳು. ಅವಳಿಗೂ ಅದೇನು ವಿಶೇಷವೆನಿಸಿದಂತೆ ಕಾಣಲಿಲ್ಲ.

ಆಮಾ ಸೇರು ತುಂಬಿ ಸುರಿದು, ಎಷ್ಟಾಯಿತು ಎಂಬಂತೆ ಅಕ್ಕನ ಮುಖ ನೋಡಿದಳು. ಅಕ್ಕನ ಕಣ್ಣಿನಿಂದ ನೀರು ಅಕ್ಕಿಯ ಮೇಲೆ ಬೀಳುತ್ತಿತ್ತು.

"ಎಷ್ಟಾತು ಅಕ್ಕ?" ಎಂದೆ.

"ಮರತೆನ ಸರೋಜಾ" ಎಂದಳು.

ನಾನು ಹೇಳುವ ಮೊದಲೇ ಆಮಾಗೆ ತಿಳಿಯಿತು. ಜೀಪಿನವನು ಮತ್ತೆ ಹಾರ್ನ್ ಹೊಡೆದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನ ಸೆರಗಿನ ಅಕ್ಕಿಯನ್ನೆಲ್ಲ ಬುಟ್ಟಿಗೆ ಸುರುವಿಕೊಂಡು, ಸೇರನ್ನು ಗೋಪುರ ಕಟ್ಟಿ ತುಂಬಿ, ಮೊದಲಿನಿಂದ ಎಣಿಸತೊಡಗಿದಳು.

"ಲಾಭ."